ಫಿಟ್ಸ್ ಇರೋ ಮಗಳಿಗೆ ಓದಿದ್ದು ನಿಲ್ತಾ ಇಲ್ಲ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ನಮ್ಮ ಕಡೆಯವ್ರು ಯಾರಾದ್ರೂ ದಾರಿ ಹೇಳಿ

ನಾಪೋಕ್ಲು ಅವ್ವ:
ಎಲ್ರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಎರಡನೇ ಕ್ಲಾಸಲ್ಲಿ ಇರುವಾಗಿಂದ ಫಿಟ್ಸ್ ಉಂಟು, ಮಾತ್ರೆ ತಪ್ಪಿಸಲ್ಲ, ಕೈಕಾಲು ಸೆಟೆದು ಬೀಳೋ ದೊಡ್ಡ ಫಿಟ್ಸ್ ಬಹಳ ಸಮಯದಿಂದ ಬಂದಿಲ್ಲ, ಇಗ್ಗುತ್ತಪ್ಪನ ದಯೆ. ಈಗ ಕಷ್ಟ ಇರೋದು ಓದಿಂದು. ರಾತ್ರಿ ಕೂತು ಸಮಾಜದ ಒಂದು ಪಾಠ ಪೂರ್ತಿ ಓದಿ ನನ್ನ ಹತ್ರ ಒಪ್ಪಿಸ್ತಾಳೆ, ಒಂದು ಹೆಸರೂ ತಪ್ಪಲ್ಲ, ಬೆಳಗ್ಗೆ ಎದ್ದ ಮೇಲೆ ಕೇಳಿದ್ರೂ ಹೇಳ್ತಾಳೆ. ಕೆಲವು ವಾರ ಬಿಟ್ಟು ಟೆಸ್ಟಿಗೆ ಅಂತ ಅದೇ ಪಾಠ ತೆಗೆದ್ರೆ "ಅವ್ವಾ ಇದು ನಾನು ಓದೇ ಇಲ್ಲ" ಅಂತಾಳೆ. ಪುಸ್ತಕದಲ್ಲಿ ಅವಳೇ ಪೆನ್ಸಿಲಲ್ಲಿ ಗೀಟು ಹಾಕಿದಾಳೆ, ಪಕ್ಕದಲ್ಲಿ ಅವಳದೇ ಅಕ್ಷರ ಉಂಟು, ಅದನ್ನ ತೋರ್ಸಿದ್ರೆ ಬೇರೆ ಯಾರೋ ಬರೆದದ್ದು ನೋಡಿದ ಹಾಗೆ ನೋಡ್ತಾಳೆ. ಸ್ಕೂಲಲ್ಲಿ ಅಸಡ್ಡೆ ಅಂತಾರೆ, ಬುದ್ಧಿ ಉಂಟು ಆದ್ರೆ ಸೋಮಾರಿ ಅಂತ ಪ್ರೋಗ್ರೆಸ್ ಕಾರ್ಡಲ್ಲೇ ಬರೆದಿದಾರೆ. ಅವಳು ಸೋಮಾರಿ ಅಲ್ಲ, ರಾತ್ರಿ ಹತ್ತೂವರೆ ತನಕ ಕೂತು ಓದೋ ಮಗು ಅದು.

ಇನ್ನೊಂದು ಹೇಳ್ಬೇಕು. ಮಾತಾಡ್ತಾ ಇರುವಾಗ ಒಮ್ಮೊಮ್ಮೆ ಸುಮ್ನೆ ಆಗ್ಬಿಡ್ತಾಳೆ, ಬಾಯಿ ಚಪ್ಪರಿಸಿದ ಹಾಗೆ ಮಾಡ್ತಾಳೆ, ಬಲಗೈ ಚೂಡಿದಾರದ ಅಂಚು ಹಿಡ್ಕೊಂಡು ಉಜ್ತಾ ಇರತ್ತೆ, ಕರೆದ್ರೆ ಓಗೊಡಲ್ಲ, ಒಂದು ನಿಮಿಷ ಆದ್ಮೇಲೆ ಸರಿ ಆಗ್ತಾಳೆ. ಬೀಳಲ್ಲ, ನೊರೆ ಬರಲ್ಲ. ಇದು ಏನು?

ನಮ್ಮವರು ಹೇಳೋದು, ಮಾತ್ರೆಯಿಂದಲೇ ತಲೆ ಮಂಕಾಗಿರೋದು, ಪರೀಕ್ಷೆ ಮುಗಿಯೋ ತನಕ ನಿಲ್ಸೋಣ, ದೊಡ್ಡ ಫಿಟ್ಸ್ ಹೇಗೂ ಇಲ್ವಲ್ಲ ಅಂತ. ನಂಗೆ ಭಯ ಆಗತ್ತೆ. ಇಂಥದ್ದು ನೋಡಿದವರು ದಯವಿಟ್ಟು ಬರೀರಿ.

ಕುಶಾಲನಗರ ನರ್ಸ್:
ಅಕ್ಕಾ, ಮೊದಲು ಒಂದೇ ಮಾತು. ಮಾತ್ರೆ ನಿಲ್ಸಬೇಡಿ. ಅಣ್ಣನಿಗೂ ಇದನ್ನ ಓದಿ ಹೇಳಿ. ಫಿಟ್ಸ್ ಮಾತ್ರೆ ಇದ್ದಕ್ಕಿದ್ದ ಹಾಗೆ ನಿಲ್ಸಿದ್ರೆ ಒಂದರ ಹಿಂದೆ ಒಂದು ನಿಲ್ಲದೆ ಫಿಟ್ಸ್ ಬರೋ ಅಪಾಯ ಉಂಟು, ಅದಕ್ಕೆ ಸ್ಟೇಟಸ್ ಎಪಿಲೆಪ್ಟಿಕಸ್ ಅಂತಾರೆ, ಐಸಿಯುಗೆ ಹಾಕ್ಬೇಕಾಗತ್ತೆ, ಮೆದುಳಿಗೆ ಅದರಿಂದ ಆಗೋ ಪೆಟ್ಟು ಮಾತ್ರೆಯಿಂದ ಆಗೋ ಮಂಕಿಗಿಂತ ಎಷ್ಟೋ ದೊಡ್ಡದು. ಮಾತ್ರೆ ಸರಿಹೋಗ್ತಾ ಇಲ್ಲ ಅಂದ್ರೆ ಡಾಕ್ಟ್ರು ನಿಧಾನಕ್ಕೆ ಡೋಸ್ ಇಳಿಸ್ತಾ ಬೇರೆದಕ್ಕೆ ಬದಲಾಯಿಸ್ತಾರೆ. ಆ ದಾರಿ ಯಾವಾಗಲೂ ತೆರೆದೇ ಉಂಟು.

ಎರಡನೇದು ಇನ್ನೂ ಮುಖ್ಯ. ನೀವು ಬರೆದಿದ್ದೀರಲ್ಲ, ಸುಮ್ನೆ ಆಗೋದು, ಬಾಯಿ ಚಪ್ಪರಿಸೋದು, ಬಟ್ಟೆ ಉಜ್ಜೋದು, ಅದೂ ಫಿಟ್ಸೇ ಇರಬಹುದು ಅಕ್ಕಾ. ಎಲ್ಲಾ ಫಿಟ್ಸಲ್ಲೂ ಬಿದ್ದು ಒದ್ದಾಡಲ್ಲ. ಮೆದುಳಿನ ಒಂದು ಭಾಗದಲ್ಲಿ ಮಾತ್ರ ಶುರುವಾಗಿ ಅಲ್ಲೇ ಮುಗಿಯೋ ಫೋಕಲ್ ಫಿಟ್ಸ್ ಹೀಗೇ ಕಾಣೋದು, ಕಣ್ಣು ತೆರೆದೇ ಇರತ್ತೆ ಆದ್ರೆ ಮಗು ಅಲ್ಲಿ ಇರಲ್ಲ. ಮುಂದಿನ ಸಲ ಆದಾಗ ಅವಳನ್ನ ಅಲುಗಾಡಿಸಬೇಡಿ, ಗದರಬೇಡಿ, ಸುಮ್ನೆ ಫೋನ್ ತೆಗೆದು ವಿಡಿಯೋ ಮಾಡಿ, ಮುಖ ಕೈ ಎರಡೂ ಕಾಣ್ಬೇಕು. ನೀವು ಅರ್ಧ ಗಂಟೆ ವಿವರಿಸೋದನ್ನ ಆ ಒಂದು ನಿಮಿಷದ ವಿಡಿಯೋ ಹೇಳತ್ತೆ. ದೊಡ್ಡ ಫಿಟ್ಸ್ ಇಲ್ಲ ಅಂತ ನೀವು ಡಾಕ್ಟ್ರಿಗೆ ಹೇಳಿದ್ರೆ ಅವ್ರು ಎಲ್ಲಾ ಕಂಟ್ರೋಲಲ್ಲಿ ಉಂಟು ಅಂತ ಅಂದ್ಕೊಂಡಿರ್ತಾರೆ, ಹಾಗಾಗಿ ಇದನ್ನ ಹೇಳಲೇಬೇಕು.

ತೋಟದ ರೈಟರ್:
ಅಕ್ಕಾ ನಿಮ್ಮ ಮಗಳ ವಿಷಯ ಓದುವಾಗ ನನ್ನ ಬಗ್ಗೆಯೇ ಯಾರೋ ಬರೆದ ಹಾಗೆ ಆಯ್ತು. ನಾನು ಸಿದ್ದಾಪುರ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಕೆಲಸ ಮಾಡ್ತೀನಿ, ನಂಗೂ ಫಿಟ್ಸ್ ಕಾಯಿಲೆ ಉಂಟು, ಟೆಂಪೊರಲ್ ಲೋಬ್ ಎಪಿಲೆಪ್ಸಿ ಅಂತಾರೆ, ಅಂದ್ರೆ ಕಿವಿ ಪಕ್ಕದ ಮೆದುಳಿನ ಭಾಗದಲ್ಲಿ ಶುರುವಾಗೋ ಫಿಟ್ಸ್, ನಂಗೆ ಎಡಗಡೆ. ಡಾಕ್ಟ್ರು ನಂಗೆ ಹೇಳಿಕೊಟ್ಟಿದ್ದನ್ನ ನಂಗೆ ಗೊತ್ತಿರೋ ಭಾಷೇಲಿ ಹೇಳ್ತೀನಿ. ಕಿವಿಯ ನೇರಕ್ಕೆ ತಲೆಯ ಒಳಗಡೆ ಎರಡೂ ಪಕ್ಕ ಹಿಪ್ಪೊಕ್ಯಾಂಪಸ್ ಅಂತ ಒಂದು ಸಣ್ಣ ಭಾಗ ಉಂಟು, ಹೊಸದಾಗಿ ಕಲಿತದ್ದು ಮೊದಲು ಅದರ ಮೂಲಕವೇ ಹೋಗ್ಬೇಕು. ಕುಯ್ದ ಹಣ್ಣನ್ನ ಕಣದಲ್ಲಿ ಹರಡಿ ಒಣಗಿಸಿ ಆಮೇಲೆ ಗೋಡೌನಿಗೆ ಸೇರಿಸ್ತೀವಲ್ಲ, ಹಾಗೆ. ಕಣದಲ್ಲಿ ಇರೋ ತನಕ ಅದು ನಮ್ಮದು ಅಂತ ಲೆಕ್ಕ, ಗೋಡೌನಿಗೆ ಹೋಗೋ ಮೊದಲು ಅಕಾಲ ಮಳೆ ಹೊಡೆದ್ರೆ ಹೋಯ್ತು. ನಿಮ್ಮ ಮಗಳು ರಾತ್ರಿ ಒಪ್ಪಿಸಿದ್ದು ಸುಳ್ಳಲ್ಲ, ಆಗ ಅವಳ ಹತ್ರ ಇತ್ತು. ಆಮೇಲೆ ಒಳಗೆ ಸೇರ್ಲಿಲ್ಲ ಅಷ್ಟೆ.

ಎಡಗಡೆ ತೊಂದರೆ ಇದ್ರೆ ಸಾಮಾನ್ಯವಾಗಿ ಮಾತು, ಹೆಸರು, ಪಾಠ ಇಂಥದ್ದು ಮರೆಯೋದು ಜಾಸ್ತಿ, ಬಲಗಡೆ ಆದ್ರೆ ಮುಖ, ದಾರಿ, ಚಿತ್ರ. ನಂಗೆ ದಾರಿ ಯಾವತ್ತೂ ತಪ್ಪಲ್ಲ, ಕತ್ತಲಲ್ಲೂ ತೋಟದ ಯಾವ ಬ್ಲಾಕಲ್ಲಿ ಯಾವ ಮರ ಅಂತ ಹೇಳ್ತೀನಿ. ಆದ್ರೆ ಕುಯ್ಲು ಟೈಮಲ್ಲಿ ಸಾಯಂಕಾಲ ತೂಕ ಹಾಕುವಾಗ ಒಬ್ಬೊಬ್ಬರ ಹೆಸರು ಕೆಜಿ ಕೂಗ್ತಾರಲ್ಲ, ಅದು ಕಿವಿಗೆ ಬಿದ್ದ ಕೂಡ್ಲೆ ಪುಸ್ತಕಕ್ಕೆ ಹೋಗ್ಬೇಕು, ಇಬ್ಬರದ್ದು ಒಟ್ಟಿಗೆ ಬರೀತೀನಿ ಅಂದ್ರೆ ಆಗಲ್ಲ. ಅದು ಮೇಸ್ತ್ರಿಗೂ ಗೊತ್ತು, ನಾನು ತಲೆ ಎತ್ತಿದ ಮೇಲೇ ಮುಂದಿನ ಹೆಸರು ಕೂಗ್ತಾರೆ. ಚೆಕ್‌ರೋಲಲ್ಲಿ, ಅಂದ್ರೆ ಕೆಲಸದವರ ಲೆಕ್ಕದ ಪುಸ್ತಕದಲ್ಲಿ, ಇವತ್ತಿನ ತನಕ ತಕರಾರು ಬಂದಿಲ್ಲ.

ಮಾತ್ರೆ ಬಗ್ಗೆ ಅಣ್ಣ ಹೇಳೋದು ಪೂರ್ತಿ ತಪ್ಪಲ್ಲ. ನಂಗೆ ಮೊದಲು ಟೋಪಿರಾಮೇಟ್ ಕೊಟ್ಟಿದ್ರು, ಫಿಟ್ಸ್ ನಿಂತಿತು ಆದ್ರೆ ಮಾತಿಗೆ ಬೇಕಾದ ಪದ ಸಿಗ್ತಾ ಇರ್ಲಿಲ್ಲ. ಕತ್ತಿ ಕೈಯಲ್ಲೇ ಉಂಟು, ಅದರ ಹೆಸರು ಬಾಯಿಗೆ ಬರಲ್ಲ, "ಅದು, ಅದು, ಕಾಡು ಕಡಿಯೋದು" ಅಂತ ನಿಂತ್ಕೊಳ್ತಿದ್ದೆ. ಡಾಕ್ಟ್ರಿಗೆ ಹೇಳಿದ್ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಬೇರೆ ಮಾತ್ರೆಗೆ ಬದಲಾಯಿಸಿದ್ರು, ಪದಗಳು ವಾಪಸ್ ಬಂದ್ವು. ಹೇಳ್ಬೇಕು ಅಕ್ಕಾ, ಹೇಳದೆ ಅವ್ರಿಗೆ ಗೊತ್ತಾಗಲ್ಲ.

ಸುಂಟಿಕೊಪ್ಪ ಅಜ್ಜ:
ಹಿಂದೆ ನಮ್ಮ ಕಾಲದಲ್ಲಿ ಇದಕ್ಕೆ ಕೈಗೆ ಕಬ್ಬಿಣ ಕೊಡ್ತಿದ್ರು, ಚಪ್ಪಲಿ ಮೂಸಿಸ್ತಿದ್ರು. ಈಗ ಅದೆಲ್ಲ ಬೇಡ ಅಂತ ಗೊತ್ತು. ಆದ್ರೆ ಬ್ರಾಹ್ಮಿ ಸೊಪ್ಪು ನೆನಪಿಗೆ ಒಳ್ಳೇದು ಅಂತಾರಲ್ಲ, ಗದ್ದೆ ಬದುವಲ್ಲಿ ಬೇಕಾದಷ್ಟು ಉಂಟು, ಮಗುವಿಗೆ ಕೊಡಬಹುದಾ ತಾಯಿ?

ಕುಶಾಲನಗರ ನರ್ಸ್:
ಅಜ್ಜಾ, ಒಂದು ದಿನ ತಂಬುಳಿಯೋ ಚಟ್ನಿಯೋ ಊಟಕ್ಕೆ ಮಾಡೋದು ಬೇರೆ, ದಿನಾ ಔಷಧಿ ಥರ ಕಷಾಯ, ಕ್ಯಾಪ್ಸೂಲ್ ಕೊಡೋದು ಬೇರೆ. ಫಿಟ್ಸ್ ಮಾತ್ರೆಗಳು ರಕ್ತದಲ್ಲಿ ಒಂದು ಮಟ್ಟದಲ್ಲೇ ಇರ್ಬೇಕು, ಬೇರೆ ಏನು ಸೇರಿಸೋದಾದ್ರೂ ಡಾಕ್ಟ್ರನ್ನ ಕೇಳಿಯೇ ಕೊಡ್ಬೇಕು. ಮಾತ್ರೆ ಬದಲು ಸೊಪ್ಪು ಅಂತ ಮಾತ್ರ ಯಾವತ್ತೂ ಬೇಡ. ಕಬ್ಬಿಣ, ಚಪ್ಪಲಿ ಬೇಡ ಅಂತ ನೀವೇ ಹೇಳಿದ್ರಲ್ಲ, ತುಂಬಾ ಸಂತೋಷ ಆಯ್ತು. ಬಿದ್ದಾಗ ಮಾಡ್ಬೇಕಾದ್ದು ಇಷ್ಟೇ: ಒಂದು ಮಗ್ಗುಲಿಗೆ ಮಲಗ್ಸಿ, ಬಾಯಿಗೆ ಚಮಚ ನೀರು ಏನೂ ಹಾಕಬೇಡಿ, ಕೈಕಾಲು ಒತ್ತಿ ಹಿಡೀಬೇಡಿ, ಟೈಮ್ ನೋಡಿ. ಐದು ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ. ಒಳಗಿನ ಎಸ್ಟೇಟಲ್ಲಿ ಇರೋರು ಆಂಬುಲೆನ್ಸ್ ಕಾಯೋದಕ್ಕಿಂತ ಜೀಪಲ್ಲೇ ಹೊರಡೋದು ಒಳ್ಳೇದು ಅನ್ನಿಸಿದ್ರೆ ಹೊರಡಿ. ನಮ್ಮಂಥ ಊರಲ್ಲಿ ಇರೋರು ಫಿಟ್ಸ್ ನಿಲ್ಸೋಕೆ ಮೂಗಿಗೆ ಹಾಕೋ ಮಿಡಜೋಲಾಮ್ ಸ್ಪ್ರೇ ಮನೇಲಿ ಇಟ್ಕೊಳ್ಬೇಕಾ ಅಂತ ಡಾಕ್ಟ್ರನ್ನ ಕೇಳಿ ನೋಡಿ.

ಪೊನ್ನಂಪೇಟೆ ಮೇಷ್ಟ್ರು:
ನಾನು ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ಅಸಡ್ಡೆ, ಸೋಮಾರಿ ಅಂತ ಕಾರ್ಡಲ್ಲಿ ಬರೆಯೋದು ನೋಡಿದ್ರೆ ನಂಗೆ ಸಂಕಟ ಆಗತ್ತೆ. ನನ್ನ ಕ್ಲಾಸಲ್ಲಿ ಇದ್ದ ಒಬ್ಬ ಹುಡುಗನ ಉಕ್ತಲೇಖನದ ಪುಸ್ತಕದ ಬಗ್ಗೆ ಹೇಳ್ತೀನಿ. ಅಕ್ಷರ ಮುತ್ತಿನಂಥದ್ದು. ಆದ್ರೆ ವಾಕ್ಯ ನಡುವೆ ಕಡಿದು ಹೋಗಿರೋದು, ಆಮೇಲೆ ನಾಲ್ಕೈದು ಪದ ಬಿಟ್ಟು ಮುಂದಿನಿಂದ ಸರಿಯಾಗಿ ಶುರು. ಪದ ತಪ್ಪಾಗಿ ಬರೆದಿರೋದಲ್ಲ, ಪದವೇ ಇಲ್ಲ. ಕಡಿದ ಜಾಗದಲ್ಲಿ ಪೆನ್ನು ಕಾಗದದ ಮೇಲೆ ಒಂದು ಸಣ್ಣ ಗೆರೆ ಎಳೆದಿರೋದು. ಒಂದೇ ಪುಟದಲ್ಲಿ ಹಾಗೆ ಹಲವು ಕಡೆ. ಅವನನ್ನೇ ಗಮನಿಸ್ತಾ ಓದಿದಾಗ ಗೊತ್ತಾಯ್ತು, ಕೆಲವು ಸೆಕೆಂಡು ಕಣ್ಣು ನೆಟ್ಟ ಹಾಗೆ ಆಗಿ ರೆಪ್ಪೆ ಅದುರ್ತಾ ಇತ್ತು, ಆಮೇಲೆ ಏನೂ ಆಗದವನ ಹಾಗೆ ಬರೆಯೋಕೆ ಶುರು ಮಾಡ್ತಿದ್ದ. ಅಪ್ಪ ಅಮ್ಮನಿಗೆ ಆ ಪುಸ್ತಕವನ್ನೇ ಡಾಕ್ಟ್ರ ಹತ್ರ ತಗೊಂಡು ಹೋಗಿ ಅಂದೆ. ಆಬ್ಸೆನ್ಸ್ ಫಿಟ್ಸ್ ಅಂತ ಹೇಳಿದ್ರು, ದಿನಕ್ಕೆ ಹತ್ತಾರು ಸಲ, ಕೆಲವರಿಗೆ ಅದಕ್ಕಿಂತ ಜಾಸ್ತಿ ಬರತ್ತಂತೆ, ಇಇಜಿ ಅಂದ್ರೆ ಮೆದುಳಿನ ವಿದ್ಯುತ್ ಅಲೆ ನೋಡೋ ಟೆಸ್ಟಲ್ಲಿ ಸೆಕೆಂಡಿಗೆ ಮೂರರ ಲೆಕ್ಕದಲ್ಲಿ ಅಲೆ ಕಾಣತ್ತಂತೆ. ಸರಿಯಾದ ಮಾತ್ರೆ ಸಿಕ್ಕಿದ ಮೇಲೆ ಪುಸ್ತಕದಲ್ಲಿ ವಾಕ್ಯಗಳು ಪೂರ್ತಿ ಆದ್ವು.

ಹಾಗಾಗಿ ಮೇಡಂ, ಸ್ಕೂಲಿಗೆ ಹೋಗುವಾಗ ಮಗಳ ನೋಟ್ಸ್ ಪುಸ್ತಕ ತಗೊಂಡು ಹೋಗಿ, ಎಲ್ಲೆಲ್ಲಿ ಬಿಟ್ಟುಹೋಗಿದೆ ನೋಡಿ. ಪಾಠ ಹೇಳುವಾಗಲೇ ಅವಳಿಗೆ ಅದು ಕೇಳಿಸಿಲ್ಲ ಅಂದ್ರೆ ಆಮೇಲೆ ನೆನಪಿರೋದು ಎಲ್ಲಿಂದ. ನಮ್ಮ ಜಿಲ್ಲೆಯಲ್ಲಿ ಇನ್ನೂ ಕಷ್ಟದಲ್ಲಿ ಇರೋದು ಎಸ್ಟೇಟ್ ಕೆಲಸದವರ ಲೈನ್ ಮನೆ ಮಕ್ಕಳು, ಕೆಲಸ ಮುಗಿದ ಕೂಡ್ಲೆ ಬೇರೆ ಎಸ್ಟೇಟ್, ಬೇರೆ ಸ್ಕೂಲು, ಅಲ್ಲಿ ಯಾರಿಗೂ ಆ ಮಗುವಿನ ಹಿನ್ನೆಲೆ ಗೊತ್ತಿರಲ್ಲ, ಫಿಟ್ಸ್ ಬಂದ್ರೆ ಗಾಳಿ ಸೋಂಕು ಅಂತ ತಾಯತ ಕಟ್ಟಿಸ್ತಾರೆ, ಆ ಮಕ್ಕಳ ಪರವಾಗಿ ಇಲ್ಲಿ ಬಂದು ಬರೆಯೋರೂ ಇಲ್ಲ. ಓದ್ತಾ ಇರೋ ಟೀಚರುಗಳು, ಅಂಗನವಾಡಿ ಆಶಾ ಅಕ್ಕಂದಿರು ದಯವಿಟ್ಟು ಗಮನ ಇಡಿ.

ಮಳೆಕಾಡು:
ಸಂಬಂಧ ಇಲ್ಲದ ಪ್ರಶ್ನೆ ಅನ್ನಿಸಬಹುದು, ಕ್ಷಮಿಸಿ. ಹಂದಿ ಮಾಂಸ ತಿಂದ್ರೆ ತಲೆಗೆ ಹುಳ ಹೋಗಿ ಫಿಟ್ಸ್ ಬರತ್ತೆ ಅಂತ ನಮ್ಮ ಸಂಬಂಧಿಕರಿಗೆ ಯಾರೋ ಹೇಳಿದ್ದಾರೆ, ನಮ್ಮ ಮನೇಲಿ ಪಂದಿ ಕರಿ ಇಲ್ಲದೆ ಹಬ್ಬ ಇಲ್ಲ. ಇದು ನಿಜಾನಾ?

ಕುಶಾಲನಗರ ನರ್ಸ್:
ಸಂಬಂಧ ಉಂಟು, ಕೇಳಿದ್ದು ಒಳ್ಳೇದಾಯ್ತು. ನ್ಯೂರೋಸಿಸ್ಟಿಸರ್ಕೋಸಿಸ್ ಅಂತ ಒಂದು ಕಾಯಿಲೆ, ನಮ್ಮ ದೇಶದಲ್ಲಿ ಫಿಟ್ಸ್‌ಗೆ ಅದೂ ಒಂದು ದೊಡ್ಡ ಕಾರಣ. ಆದ್ರೆ ದಾರಿ ಬೇರೆ. ಸರಿಯಾಗಿ ಬೇಯದ, ಹುಳದ ಗುಳ್ಳೆ ಇರೋ ಹಂದಿ ಮಾಂಸ ತಿಂದೋರ ಹೊಟ್ಟೇಲಿ ಲಾಡಿಹುಳ ಬೆಳೆಯತ್ತೆ. ಅಂಥವರ ಮಲದಲ್ಲಿ ಬರೋ ಮೊಟ್ಟೆ, ಕೈ ತೊಳೀದೆ ಮಾಡಿದ ಅಡುಗೆ, ಗಲೀಜು ನೀರು, ತೊಳೀದ ಹಸಿ ಸೊಪ್ಪು ತರಕಾರಿ ಇಂಥದ್ದರ ಮೂಲಕ ಇನ್ನೊಬ್ಬರ ಹೊಟ್ಟೆಗೆ ಹೋದಾಗ ಅದು ಮೆದುಳಿಗೆ ಹೋಗಿ ಕೂರೋದು. ಮಾಂಸ ಮುಟ್ಟದೇ ಇರೋರಿಗೂ ಬರತ್ತೆ. ಕಾಚಂಪುಳಿ ಹಾಕಿ ಗಂಟೆಗಟ್ಟಲೆ ಚೆನ್ನಾಗಿ ಬೇಯಿಸಿದ ಪಂದಿ ಕರಿಯಿಂದ ಭಯ ಇಲ್ಲ, ಕೆಂಡದ ಮೇಲೆ ಅರೆಬರೆ ಸುಟ್ಟು ತಿನ್ನೋದು ಬೇಡ. ಶೌಚಾಲಯ, ಕೈ ಸೋಪಲ್ಲಿ ತೊಳೆಯೋದು, ಇದರ ಮೇಲೆ ಜಾಸ್ತಿ ಗಮನ ಇರ್ಲಿ.

ಸ್ನಾನದ ಬಗ್ಗೆಯೂ ಹೇಳ್ತೀನಿ. ತಲೆಗೆ ಬಿಸಿ ಬಿಸಿ ನೀರು ಹೊಯ್ಕೊಂಡಾಗ ಬರೋ ಫಿಟ್ಸ್ ಒಂದು ಉಂಟು, ದಕ್ಷಿಣ ಕರ್ನಾಟಕದಲ್ಲಿ ಇದು ಜಾಸ್ತಿ, ನಿಮ್ಹಾನ್ಸ್ ಡಾಕ್ಟ್ರುಗಳು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮಳೆಗಾಲದಲ್ಲಿ ನಮ್ಮ ಬಚ್ಚಲಲ್ಲಿ ಹಂಡೆ ನೀರು ಕುದೀತಾ ಇರತ್ತೆ, ಚಳಿಗೆ ಚೊಂಬು ಚೊಂಬು ತಲೆಗೆ ಸುರ್ಕೊಳ್ತೀವಿ. ಫಿಟ್ಸ್ ಇರೋರು ಉಗುರು ಬೆಚ್ಚಗಿನ ನೀರಲ್ಲಿ ಮೆಲ್ಲ ಸ್ನಾನ ಮಾಡ್ಲಿ, ಬಚ್ಚಲು ಬಾಗಿಲಿಗೆ ಚಿಲಕ ಬೇಡ.

ಸೋಮವಾರಪೇಟೆ ಸೈಕಾಲಜಿ:
ಊರು ಸೋಮವಾರಪೇಟೆ, ಈಗ ಮೈಸೂರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದೀನಿ. ಸ್ವಲ್ಪ ಉದ್ದ ಆಗತ್ತೆ, ಆದ್ರೂ ಬರೀತೀನಿ, ಯಾಕಂದ್ರೆ ಅಕ್ಕ ಬರೆದ ಒಂದು ವಿಷಯ ಬಹಳ ಜನ ಗಮನಿಸೋದೇ ಇಲ್ಲ. ಬೆಳಗ್ಗೆ ನೆನಪಿದೆ, ವಾರಗಳ ಮೇಲೆ ಅಳಿಸಿ ಹೋಗಿದೆ. ಎಪಿಲೆಪ್ಸಿ ಇರೋ ಕೆಲವರಲ್ಲಿ ಕಾಣೋ ಒಂದು ವಿಶೇಷ ರೀತಿಯ ಮರೆವು ಇದು, ಕಲಿಯೋದೂ ಸರಿ ಉಂಟು, ಅರ್ಧ ಗಂಟೆ ಬಿಟ್ಟು ಕೇಳಿದ್ರೂ ಸರಿ, ಆಮೇಲೆ ಬೇರೆಯವರಿಗಿಂತ ವೇಗವಾಗಿ ಕರಗಿ ಹೋಗತ್ತೆ. ತೊಂದರೆ ಏನಂದ್ರೆ ನಾವು ಮಾಡೋ ಸಾಮಾನ್ಯ ಮೆಮೊರಿ ಟೆಸ್ಟಲ್ಲಿ ಅರ್ಧ ಗಂಟೆ ಬಿಟ್ಟು ಕೇಳೋದೇ ಕೊನೆ. ಆಗ ಮಗು ಎಲ್ಲಾ ಹೇಳತ್ತೆ, ರಿಪೋರ್ಟಲ್ಲಿ ನಾರ್ಮಲ್ ಅಂತ ಬರತ್ತೆ, ಮನೆಗೆ ಬಂದ್ಮೇಲೆ ನೋಡಿದ್ಯಾ ಡಾಕ್ಟ್ರೇ ನಾರ್ಮಲ್ ಅಂದ್ರು ಅಂತ ಮತ್ತೆ ಬೈಗುಳ. ಹಾಗಾಗಿ ಟೆಸ್ಟಿಗೆ ಹೋದಾಗ "ವಾರ ಕಳೆದ ಮೇಲೆ ಮರೆಯೋದು" ಅಂತ ಬಾಯಿ ಬಿಟ್ಟು ಹೇಳಿ. ಹಾಗೇ ನಿಮ್ಮ ಮನೆಮಾತು ಕೊಡವ ತಕ್ಕೋ ಅರೆಭಾಷೆಯೋ ಅದನ್ನೂ ಹೇಳಿ. ಮಗುವಿಗೆ ಕಥೆ ಹೇಳಿ ವಾಪಸ್ ಕೇಳೋ ಟೆಸ್ಟ್ ಉಂಟು, ಮೂರನೇ ಭಾಷೇಲಿ ಕಥೆ ಹೇಳಿ ನೆನಪಿಲ್ಲ ಅಂತ ಮಾರ್ಕ್ ಕಳೆದ್ರೆ ಅದು ನೆನಪಿನ ಪರೀಕ್ಷೆ ಆಗಲ್ಲ.

ಕಾರಣ ಒಂದೇ ಅಂತ ಇರಲ್ಲ. ಫಿಟ್ಸ್ ಆಗೋ ಆ ನಿಮಿಷ, ಆದ್ಮೇಲೆ ಇರೋ ಮಂಕು. ಫಿಟ್ಸ್ ಇಲ್ಲದೇ ಇರುವಾಗಲೂ ಮೆದುಳಲ್ಲಿ ಆಗಾಗ ಹೊಡೆಯೋ ಸಣ್ಣ ಕಿಡಿಗಳು, ಅದರಲ್ಲೂ ನಿದ್ದೇಲಿ. ಹಗಲು ಕಲಿತದ್ದು ಗಟ್ಟಿ ಆಗೋದು ನಿದ್ದೇಲಿ, ಅದೇ ಹೊತ್ತಿಗೆ ಇದು ಅಡ್ಡ ಬಂದ್ರೆ ಕಲಿತದ್ದು ನಿಲ್ಲಲ್ಲ. ಅದಕ್ಕೇ ನಿದ್ದೆಯಲ್ಲಿ ಇರುವಾಗಿನ ಇಇಜಿ ಮಾಡ್ಬೇಕಾ ಅಂತ ನ್ಯೂರಾಲಜಿಸ್ಟನ್ನ ಕೇಳಿ. ಆಮೇಲೆ ಮಾತ್ರೆ. ಹಳೇ ಫೀನೋಬಾರ್ಬಿಟೋನ್ ಮಕ್ಕಳ ಗಮನ ಕೆಡಿಸತ್ತೆ, ಟೋಪಿರಾಮೇಟ್ ಬಗ್ಗೆ ರೈಟರಣ್ಣ ಬರೆದಿದಾರೆ, ಲೆವೆಟಿರಾಸೆಟಾಮ್ ನೆನಪಿಗೆ ಅಷ್ಟು ತೊಂದರೆ ಕೊಡಲ್ಲ ಆದ್ರೆ ಕೆಲವು ಮಕ್ಕಳಿಗೆ ಸಿಟ್ಟು, ಅಳು ಜಾಸ್ತಿ ಆಗತ್ತೆ. ಎರಡು ಮೂರು ಥರದ ಮಾತ್ರೆ ಒಟ್ಟಿಗೆ ಇದ್ರೆ ಮಂಕು ಹೆಚ್ಚು. ಕೊನೇಗೆ ಮನಸ್ಸು. ಎಪಿಲೆಪ್ಸಿ ಇರೋರಲ್ಲಿ ಖಿನ್ನತೆ, ಆತಂಕ ಬೇರೆಯವರಿಗಿಂತ ಜಾಸ್ತಿ, ಖಿನ್ನತೆ ಇದ್ದಾಗ ಯಾರಿಗೂ ಓದಿದ್ದು ನಿಲ್ಲಲ್ಲ. ಅವಳು ಮಂಕಾಗಿದ್ರೆ, ಸ್ಕೂಲಿಗೆ ಹೋಗಲ್ಲ ಅಂದ್ರೆ, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಓದೋ ಕ್ರಮ ಬದಲಾಯಿಸಬಹುದು, ಅದರಿಂದ ಉಪಯೋಗ ಉಂಟು. ಹತ್ತೂವರೆ ತನಕ ಒಂದೇ ಪಾಠ ಕುಟ್ಟೋದು ಬಿಡಿ. ಅದೇ ಪಾಠವನ್ನ ಇವತ್ತು ಸ್ವಲ್ಪ, ನಾಳೆ ಪುಸ್ತಕ ಮುಚ್ಚಿ ಐದು ನಿಮಿಷ, ನಾಲ್ಕು ದಿನ ಬಿಟ್ಟು, ಆಮೇಲೆ ಹತ್ತು ದಿನ ಬಿಟ್ಟು, ಆಮೇಲೆ ತಿಂಗಳಿಗೆ ಒಂದ್ಸಲ. ಅಳಿಸೋ ಮೊದಲೇ ಮತ್ತೆ ಬರೀಬೇಕು. ಓದೋದಕ್ಕಿಂತ ತಾನೇ ನೆನಪು ಮಾಡ್ಕೊಂಡು ಹೇಳೋದು ಗಟ್ಟಿ, ಹಾಗಾಗಿ ಅವಳು ಟೀಚರ್ ಆಗ್ಲಿ, ನೀವು ಅಡುಗೆ ಮಾಡ್ತಾ ಕೇಳಿ, ತಪ್ಪಿದ್ರೆ ಸರಿ ಉತ್ತರ ಆಗಲೇ ಹೇಳ್ಬಿಡಿ, ಒದ್ದಾಡಿಸಬೇಡಿ. ಕ್ಯಾಲೆಂಡರಲ್ಲಿ ಯಾವ ದಿನ ಯಾವ ಪಾಠ ಅಂತ ಗುರುತು ಹಾಕಿಡಿ, ಅದನ್ನೂ ಅವಳ ನೆನಪಿಗೆ ಬಿಡಬೇಡಿ. ಮತ್ತೆ ನಿದ್ದೆ. ಒಂಬತ್ತೂವರೆಗೆ ಮಲಗ್ಲಿ. ಬೆಂಗಳೂರಿಗೆ ತೋರಿಸೋಕೆ ಹೋಗೋದಾದ್ರೆ ರಾತ್ರಿ ಬಸ್ ಬೇಡ, ಘಾಟಿ ತಿರುವಲ್ಲಿ ನಿದ್ದೆ ಕೆಟ್ಟು ಬಸ್ಸಲ್ಲೇ ಫಿಟ್ಸ್ ಬಂದವರನ್ನ ನೋಡಿದೀನಿ. ಇಇಜಿಗೆ ನಿದ್ದೆಗೆಟ್ಟು ಬನ್ನಿ ಅಂತ ಡಾಕ್ಟ್ರೇ ಹೇಳಿದ್ರೆ ಮಾತ್ರ ಅದು ಬೇರೆ ವಿಷಯ.

ಮಳೆಕಾಡು:
ಮೇಡಂ ಆಪರೇಷನ್ ಮಾಡಿದ್ರೆ ನೆನಪೇ ಹೋಗತ್ತೆ ಅಂತಾರಲ್ಲ?

ಸೋಮವಾರಪೇಟೆ ಸೈಕಾಲಜಿ:
ಆ ಭಯಕ್ಕೆ ಒಂದು ಇತಿಹಾಸ ಉಂಟು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನೋ 27 ವರ್ಷದವನಿಗೆ ವಿಪರೀತ ಫಿಟ್ಸ್ ಅಂತ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದ್ರು. ಫಿಟ್ಸ್ ಕಮ್ಮಿ ಆಯ್ತು, ಆದ್ರೆ ಅವತ್ತಿಂದ 2008ರಲ್ಲಿ ತೀರಿಕೊಳ್ಳೋ ತನಕ ಹೊಸದಾಗಿ ನಡೆದದ್ದು ಯಾವುದನ್ನೂ ಅವನಿಗೆ ನೆನಪಲ್ಲಿ ಇಟ್ಕೊಳ್ಳೋಕೆ ಆಗ್ಲಿಲ್ಲ. ನೆನಪು ಎಲ್ಲಿ ಕಟ್ಟಿಕೊಳ್ಳತ್ತೆ ಅಂತ ಲೋಕಕ್ಕೆ ಗೊತ್ತಾಗಿದ್ದೇ ಅವನಿಂದ. ಅದಕ್ಕೇ ಈಗ ಒಂದೇ ಪಕ್ಕ ಮಾಡ್ತಾರೆ, ಅದಕ್ಕೂ ಮೊದಲು ಎಂಆರ್‌ಐ, ವಿಡಿಯೋ ಇಇಜಿ, ನಮ್ಮ ಕಡೆಯಿಂದ ನೆನಪಿನ ಟೆಸ್ಟು ಎಲ್ಲಾ ಮಾಡಿ, ಇನ್ನೊಂದು ಪಕ್ಕ ಭಾರ ಹೊರತ್ತಾ ನೋಡ್ತಾರೆ. ಎಡಗಡೆ ಆಪರೇಷನ್‌ಗೆ ಮಾತಿನ ನೆನಪು ಸ್ವಲ್ಪ ಇಳಿಯೋ ಸಾಧ್ಯತೆ ಉಂಟು, ಅದನ್ನ ಮುಚ್ಚಿಡಲ್ಲ. ನಿಮ್ಹಾನ್ಸಲ್ಲಿ ಮಾಡ್ತಾರೆ, ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ 1995ರಿಂದ ಮಾಡ್ತಾ ಇದಾರೆ. ಆದ್ರೆ ಇದು ಎರಡು ಥರದ ಸರಿಯಾದ ಮಾತ್ರೆಗೂ ನಿಲ್ಲದ ಫಿಟ್ಸ್‌ಗೆ ಯೋಚಿಸೋ ವಿಷಯ, ಅಕ್ಕನ ಮಗಳಿಗೆ ಈಗಲೇ ಆ ಮಾತು ಬೇಡ.

ಶನಿವಾರಸಂತೆ ಹುಡುಗಿ:
ನಾನು ಇಷ್ಟು ದಿನ ಓದ್ತಾ ಮಾತ್ರ ಇದ್ದೆ, ಇವತ್ತು ಬರೀತಾ ಇದೀನಿ. ನಂಗೆ 23, ಫಿಟ್ಸ್‌ಗೆ ವಾಲ್ಪ್ರೊಯೇಟ್ ಮಾತ್ರೆ ತಗೊಳ್ತಾ ಇದೀನಿ, ಮನೇಲಿ ಹುಡುಗ ನೋಡ್ತಾ ಇದಾರೆ, ಹುಡುಗನ ಕಡೆಯವರಿಗೆ ಹೇಳೋದು ಬೇಡ ಅಂತಿದಾರೆ. ನಂಗೆ ಹೇಳಿಯೇ ಮದುವೆ ಆಗ್ಬೇಕು ಅಂತ ಉಂಟು. ಕಾನೂನಲ್ಲಿ ಏನಾದ್ರೂ ತೊಂದರೆ ಇದೆಯಾ?

ಕುಶಾಲನಗರ ನರ್ಸ್:
ತಂಗಿ, ನಿನ್ನ ಮನಸ್ಸಲ್ಲಿ ಇರೋದೇ ಸರಿ. ಫಿಟ್ಸ್ ಇರೋರ ಮದುವೆಗೆ ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲಿ ಅಡ್ಡಿ ಇತ್ತು, 1999ರಲ್ಲಿ ತಿದ್ದುಪಡಿ ಮಾಡಿ ಅದನ್ನ ತೆಗೆದುಹಾಕಿದಾರೆ. ಕಾನೂನು ನಿನ್ನ ಕಡೆ ಉಂಟು. ಮುಚ್ಚಿಟ್ಟು ಮದುವೆ ಆದ್ರೆ ಆ ಮನೇಲಿ ಮಾತ್ರೆ ಕದ್ದು ನುಂಗ್ಬೇಕಾಗತ್ತೆ, ಡೋಸ್ ತಪ್ಪತ್ತೆ, ಅಲ್ಲಿಂದ ತೊಂದರೆ ಶುರು.

ಆದ್ರೆ ವಾಲ್ಪ್ರೊಯೇಟ್ ಬಗ್ಗೆ ಮದುವೆಗೆ ಮೊದಲೇ ನ್ಯೂರಾಲಜಿಸ್ಟ್ ಹತ್ರ ಹೋಗಿ ಮಾತಾಡು, ತಡ ಮಾಡಬೇಡ. ಬಸಿರಲ್ಲಿ ಅದನ್ನ ತಗೊಂಡ್ರೆ ಹುಟ್ಟೋ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಅಂಗ ದೋಷ, ಮೂರು ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ ಕಂಡಿದೆ. ಬೇರೆ ಸುರಕ್ಷಿತ ಮಾತ್ರೆಗಳು ಉಂಟು, ಬದಲಾಯಿಸೋಕೆ ಸಮಯ ಬೇಕು, ಫೋಲಿಕ್ ಆಸಿಡ್ ಕೂಡ ಮೊದಲೇ ಶುರು ಮಾಡ್ಬೇಕು. ಮತ್ತೆ ಹೇಳ್ತೀನಿ, ಇದನ್ನ ಓದಿ ಹೆದರಿ ನೀನೇ ನಿಲ್ಸಬೇಡ. ಫಿಟ್ಸ್ ಇರೋ ಎಷ್ಟೋ ಹೆಣ್ಮಕ್ಕಳ ಹೆರಿಗೆಗೆ ನಾನೇ ಪಕ್ಕದಲ್ಲಿ ನಿಂತಿದೀನಿ, ಆರೋಗ್ಯವಂತ ಮಕ್ಕಳು.

ಶನಿವಾರಸಂತೆ ಹುಡುಗಿ:
ಥ್ಯಾಂಕ್ಸ್ ಅಕ್ಕಾ. ಅಮ್ಮನಿಗೆ ಓದಿ ಹೇಳ್ತೀನಿ.

ನಾಪೋಕ್ಲು ಅವ್ವ:
ನೀವೆಲ್ಲ ಬರೆದದ್ದನ್ನ ನಮ್ಮವರಿಗೆ ಒಂದೊಂದಾಗಿ ಓದಿ ಹೇಳಿದೆ. ಮಾತ್ರೆ ನಿಲ್ಸೋ ಮಾತು ಬಿಟ್ಟಿದಾರೆ. ಮಗಳಿಗೆ ಆದಾಗ ವಿಡಿಯೋ ಮಾಡಿದ್ದು ಅವರೇ, ಡಾಕ್ಟ್ರಿಗೆ ತೋರ್ಸಿದ್ವಿ. ಅದು ಫಿಟ್ಸೇ ಅಂದ್ರು. ನಿದ್ದೆ ಇಇಜಿಯಲ್ಲಿ ಎಡಗಡೆ ಕಂಡಿತು, ಮಾತ್ರೆ ಒಂದನ್ನ ನಿಧಾನಕ್ಕೆ ಇಳಿಸಿ ಇನ್ನೊಂದು ಶುರು ಮಾಡಿದಾರೆ, ಎರಡು ತಿಂಗಳು ಬಿಟ್ಟು ಬರೋಕೆ ಹೇಳಿದಾರೆ. ನೆನಪಿನ ಟೆಸ್ಟಿಗೂ ಬರೆದುಕೊಟ್ಟಿದಾರೆ. ಡಾಕ್ಟ್ರು ಅವಳಿಗೇ ನೇರವಾಗಿ "ನೀನು ಸೋಮಾರಿ ಅಲ್ಲ ಮಗಾ, ನಿನ್ನ ಮೆದುಳು ನಿಂಗೆ ಎರಡು ಪಟ್ಟು ಕೆಲಸ ಕೊಡ್ತಾ ಉಂಟು" ಅಂದ್ರು. ಅವಳು ಅಲ್ಲೇ ಕೂತು ಅತ್ತಳು, ನಾನೂ ಅತ್ತೆ.

ಕ್ಯಾಲೆಂಡರ್ ಕ್ರಮ ಶುರು ಮಾಡಿದೀವಿ. ಒಲೆ ಮುಂದೆ ನಾನು ಅಕ್ಕಿ ಒತ್ತು ರೊಟ್ಟಿ ತಟ್ತಾ ಕೇಳ್ತೀನಿ, ಅವಳು ಪಾಠ ಮಾಡ್ತಾಳೆ. ಮಂತ್ರಿಗಳ ಹೆಸರು, ಇಸವಿ ಎಲ್ಲಾ ಇನ್ನೂ ಜಾರತ್ತೆ, ನಕ್ಷೆ ಮಾತ್ರ ಒಂದು ಸಲ ನೋಡಿದ್ರೆ ಸಾಕು, ಯಾವ ನದಿ ಎಲ್ಲಿ ಅಂತ ಬೆರಳಿಟ್ಟು ತೋರಿಸ್ತಾಳೆ.

ತೋಟದ ರೈಟರ್:
ನಕ್ಷೆ ನಿಲ್ಲತ್ತೆ ಅಂದ್ರೆ ಅದನ್ನೇ ಹಿಡ್ಕೊಳ್ಳಿ ಅಕ್ಕಾ. ನಾನೂ ಹಾಗೇ ಮಾಡೋದು. ಇಸವಿಗಳನ್ನ ಪಟ್ಟಿ ಮಾಡಿ ಬಾಯಿಪಾಠ ಬೇಡ, ಉದ್ದಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ಚಿತ್ರದ ಹಾಗೆ ಗುರುತು ಹಾಕ್ಲಿ, ಬಣ್ಣ ಹಾಕ್ಲಿ, ಗೋಡೆಗೆ ಅಂಟಿಸಿ. ಎಲ್ಲಿ ಬರೆದಿದ್ದೆ ಅನ್ನೋ ಜಾಗ ಮೊದಲು ನೆನಪಾಗತ್ತೆ, ಅಲ್ಲಿಂದ ಇಸವಿ ಸಿಗತ್ತೆ. ಮಾತ್ರೆ ಬದಲಾಗೋ ಸಮಯದಲ್ಲಿ ಸ್ವಲ್ಪ ಏರುಪೇರು ಆಗಬಹುದು, ಕೆರೆ ಕಡೆಗೋ ಬಾವಿ ಕಟ್ಟೆಗೋ ಒಬ್ಬಳನ್ನೇ ಕಳಿಸಬೇಡಿ. ಮತ್ತೆ ಮಾತ್ರೆ ಡಬ್ಬಿ, ವಾರದ ದಿನ ಬರೆದಿರೋ ಖಾನೆ ಇರತ್ತಲ್ಲ, ಅದು ಮೆಡಿಕಲ್ ಶಾಪಲ್ಲಿ ಸಿಗತ್ತೆ. ತಗೊಂಡ್ನಾ ಇಲ್ವಾ ಅನ್ನೋ ಗೊಂದಲ ನಮ್ಮಂಥವರಿಗೆ ದಿನಾ ಇರೋದು.

ನಾಪೋಕ್ಲು ಅವ್ವ:
ಆಗ್ಲಿ ಅಣ್ಣಾ, ಹಾಗೇ ಮಾಡ್ತೀವಿ. ಮೇಷ್ಟ್ರೇ, ನಿಮ್ಮನ್ನ ಒಂದು ಕೇಳ್ಬೇಕು. ಎಸ್‌ಎಸ್‌ಎಲ್‌ಸಿಗೆ ಅವಳಿಗೆ ಹೆಚ್ಚಿಗೆ ಸಮಯ ಸಿಗತ್ತಾ? ಪರೀಕ್ಷೆ ನಡುವೆಯೇ ಹಾಗೆ ಆಗ್ಬಿಟ್ರೆ?

ಪೊನ್ನಂಪೇಟೆ ಮೇಷ್ಟ್ರು:
ಮೇಡಂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಉಂಟು. ಬರೀ ಎಪಿಲೆಪ್ಸಿ ಅಂತ ಅದರಲ್ಲಿ ಹೆಸರಿಲ್ಲ, ಆದ್ರೆ ಕಲಿಕಾ ನ್ಯೂನತೆ ಉಂಟು. ಹಾಗಾಗಿ ನಿಮಗೆ ಬರೆದುಕೊಟ್ಟಿರೋ ಆ ಟೆಸ್ಟ್ ಬೇಗ ಮಾಡ್ಸಿ, ಅದರಲ್ಲಿ ಏನು ಕಾಣತ್ತೆ ಅನ್ನೋದರ ಮೇಲೆ ಮುಂದಿನದು. ಅಂಗವೈಕಲ್ಯದ ಸರ್ಟಿಫಿಕೇಟಲ್ಲಿ ಶೇಕಡಾ 40 ಅಥವಾ ಮೇಲೆ ಬಂದ್ರೆ ಕೇಂದ್ರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಇತ್ತು. 40ಕ್ಕಿಂತ ಕಮ್ಮಿ ಇದ್ದು ಬರೆಯೋಕೆ ಕಷ್ಟ ಇರೋರಿಗೂ 2022ರಲ್ಲಿ ಬೇರೆ ಮಾರ್ಗಸೂಚಿ ಬಂದಿತ್ತು, ಈಗಿನದು ಏನು ಅಂತ ಸ್ಕೂಲಲ್ಲಿ ಕೇಳಿ. ಅರ್ಜಿ ಸ್ಕೂಲ್ ಮೂಲಕವೇ ಹೋಗ್ಬೇಕು, ಪರೀಕ್ಷೆ ಹತ್ರ ಬಂದ್ಮೇಲೆ ಓಡಾಡಿದ್ರೆ ಆಗಲ್ಲ, ಜೂನಲ್ಲೇ ಹೆಡ್ಮಾಸ್ಟ್ರ ಕೈಗೆ ಕಾಗದ ಕೊಟ್ಟು ಒಂದು ಕಾಪಿಗೆ ಸೀಲು ಸಹಿ ಹಾಕಿಸಿ ಇಟ್ಕೊಳ್ಳಿ.

ಪರೀಕ್ಷೆ ನಡುವೆ ಆದ್ರೆ ಅಂತ ಕೇಳಿದ್ರಿ. ಡಾಕ್ಟ್ರ ಚೀಟಿ ಒಂದು ಹಾಲ್ ಟಿಕೆಟ್ ಜೊತೆ ಇರ್ಲಿ, ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಮೊದಲ ದಿನವೇ ನೀವು ಹೋಗಿ ವಿಷಯ ತಿಳಿಸಿ, ಅವಳು ಒಂದು ನಿಮಿಷ ಸುಮ್ನೆ ಕೂತ್ರೆ ಯಾರೂ ಅಲುಗಾಡಿಸಬಾರದು, ನಕಲು ಅಂತ ಪೇಪರ್ ಕಿತ್ಕೋಬಾರದು. ಯಾವುದಾದ್ರೂ ಪೇಪರ್ ಬರೆಯೋಕೇ ಆಗ್ಲಿಲ್ಲ ಅಂದ್ರೂ 2024ರಿಂದ ನಮ್ಮಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಉಂಟು. ಅವಳಿಗೂ ಇದನ್ನ ಹೇಳಿಡಿ, ಭಯ ಅರ್ಧ ಕಮ್ಮಿ ಆಗತ್ತೆ. ಪ್ರೋಗ್ರೆಸ್ ಕಾರ್ಡಲ್ಲಿ ಬರೆದ ಆ ಸೋಮಾರಿ ಅನ್ನೋ ಮಾತನ್ನ ಡಾಕ್ಟ್ರ ರಿಪೋರ್ಟ್ ತೋರಿಸಿ ಹೊಡೆದುಹಾಕಿಸಿ. ಅರ್ಜಿ ಹೇಗೆ ಬರೆಯೋದು ಅಂತ ಗೊತ್ತಾಗದಿದ್ರೆ ನಂಗೆ ಮೆಸೇಜ್ ಹಾಕಿ, ಭಾನುವಾರ ಕೂತು ಬರೆದುಕೊಡ್ತೀನಿ.